ಹಲ್ಲಿಗೆ ಕಟ್ಟಿದ ದಾರ

ನನ್ನ ಬಾಯಿ ಜೋರು ಅನ್ನುವುದು ಮನೆಯವರಿಗೂ ಗೊತ್ತು, ಬೀದಿಯವರಿಗೂ ಗೊತ್ತು. ಮಧ್ಯಾಹ್ನ ಪ್ಯಾಂಟು ತಂದು ಸಂಜೆಯೊಳಗೆ ಅಂಚು ಹೊಲಿದು ಕೊಡಿ ಅಂದವರಿಗೆ "ಹಾಗಾದ್ರೆ ನಿನ್ನೆನೇ ತರಬೇಕಿತ್ತು" ಎಂದು ಹೇಳಿ ಕಳಿಸುವವಳು ನಾನು. ಇಪ್ಪತ್ತೆರಡು ವರ್ಷದಿಂದ ಮೆಟ್ಟಿಲ ಕೆಳಗಿನ ಇದೇ ಅಂಗಡಿಯಲ್ಲಿ ಹೊಲಿಯುತ್ತಿದ್ದೇನೆ. ಕೋಟಿನ ಗುಂಡಿ ನಾನು ಹಾಕಿದರೆ ಕೋಟು ಹರಿದೀತು, ಗುಂಡಿ ಬೀಳದು. ಕತ್ತರಿ ಹುಡುಕುವ ತಾಳ್ಮೆ ಮಾತ್ರ ನನಗಿಲ್ಲ. ದಾರವನ್ನು ಹಲ್ಲಿನಿಂದಲೇ ಕಡಿದು ಮುಂದಿನ ಗುಂಡಿಗೆ ಹೋಗುವುದು ಅಭ್ಯಾಸವಾಗಿಬಿಟ್ಟಿತ್ತು.

ನಾಲ್ಕು ವರ್ಷದ ಹಿಂದೆ ನನ್ನ ಎರಡೂ ಕಿಡ್ನಿ ಕೆಟ್ಟವು. ಅಂದಿನಿಂದ ವಾರಕ್ಕೆ ಮೂರು ದಿನ ಆಸ್ಪತ್ರೆಯ ಡಯಾಲಿಸಿಸ್ ಮಷೀನು, ಮೂರು ದಿನ ಹೊಲಿಗೆ ಮಷೀನು, ಉಳಿದ ಒಂದು ದಿನ ಹಾಸಿಗೆ. ಕುಡಿಯಲು ದಿನಕ್ಕೆ ಎರಡು ಲೋಟ ನೀರು, ಮಾತ್ರೆ ನುಂಗುವುದೂ ಅದರಲ್ಲೇ. ನಾಲಿಗೆ ಅಂಗುಳಕ್ಕೆ ಅಂಟಿಕೊಂಡೇ ಇರುತ್ತಿತ್ತು. ಮಷೀನಿನಲ್ಲಿ ರಕ್ತ ಹೆಪ್ಪುಗಟ್ಟದಿರಲೆಂದು ಔಷಧಿ ಬೇರೆ ಕೊಡುತ್ತಾರೆ. ಬೆಳಿಗ್ಗೆ ಹಲ್ಲುಜ್ಜಿದರೆ ನೊರೆಯೆಲ್ಲ ಕೆಂಪು. ರಕ್ತ ಬರುವ ಕಡೆ ಉಜ್ಜಬಾರದು ಎಂದು ನನಗೆ ನಾನೇ ಬುದ್ಧಿ ಹೇಳಿಕೊಂಡು, ಬೆರಳಲ್ಲಿ ಸ್ವಲ್ಪ ತಿಕ್ಕಿ ಮುಗಿಸುತ್ತಿದ್ದೆ.

ಹಲ್ಲಿನ ಡಾಕ್ಟರಮ್ಮ ಇದನ್ನು ಕೇಳಿ ತಲೆ ಚಚ್ಚಿಕೊಳ್ಳುವುದೊಂದು ಬಾಕಿ. "ಉಜ್ಜೋದ್ರಿಂದ ಅಲ್ಲಮ್ಮ ರಕ್ತ ಬರ್ತಿರೋದು, ಸರಿಯಾಗಿ ಉಜ್ಜದೇ ಇರೋದ್ರಿಂದ. ಒಸಡಿನ ಒಳಗೆ ಕೊಳೆ ಕೂತಿದೆ. ಮೆತ್ತನೆ ಬ್ರಷ್ ತಗೊಳ್ಳಿ, ಎರಡು ಹೊತ್ತು ಉಜ್ಜಿ. ಹದಿನೈದು ದಿನಕ್ಕೊಂದು ಸಲ ಇಲ್ಲಿಗೆ ಬನ್ನಿ, ಡಯಾಲಿಸಿಸ್ ಆದ ಮಾರನೇ ದಿನವೇ ಬನ್ನಿ."

"ಆಯ್ತು ಮೇಡಂ" ಅಂದೆ. ಮಾರನೇ ದಿನವೆಂದರೆ ನನ್ನ ಅಂಗಡಿಯ ದಿನ. ಎರಡು ಸಲ ಹೋದೆ, ಮೂರನೆಯ ಸಲ ಯಾರದೋ ಕೋಟು ಅರ್ಜೆಂಟಾಗಿತ್ತು, ಆಮೇಲೆ ಆ ಕಡೆ ತಲೆ ಹಾಕಲಿಲ್ಲ.

ನನಗೆ ಗಂಡನಿಲ್ಲ, ಮಕ್ಕಳಿಲ್ಲ. ಕಿಡ್ನಿ ಕೊಡೋಣವೆಂದರೆ ಅಮ್ಮನಿಗೆ ಸಕ್ಕರೆ ಕಾಯಿಲೆ. ಹೊಂದಿದ್ದು ತಮ್ಮನದೊಂದೇ. ಅವನು ಲಿಫ್ಟ್ ರಿಪೇರಿ ಮಾಡುವವನು, ಕೆಲಸದ ಹತ್ತಿರವೇ ಕೋಣೆ ಮಾಡಿಕೊಂಡು ಭಾನುವಾರ ಊಟಕ್ಕೆ ಮನೆಗೆ ಬರುತ್ತಾನೆ. ಹನ್ನೆರಡು ಮಹಡಿ ಆಳದ ಲಿಫ್ಟಿನ ಬಾವಿಯೊಳಗೆ ಹಗ್ಗ ಹಿಡಿದು ಇಳಿಯುವ ಗಂಡಸು, ಆಪರೇಷನ್ ಅಂದರೆ ಮುಖ ಬಿಳಿಚಿಕೊಳ್ಳುತ್ತಿದ್ದ. ಒಂದು ವರ್ಷ ಮೀನ ಮೇಷ ಎಣಿಸಿದ. ಅಮ್ಮ ಅವನ ಮುಂದೆ ಅತ್ತಳು, ಅನ್ನ ಬಿಟ್ಟಳು, ಮಾತು ಬಿಟ್ಟಳು. ಕೊನೆಗೊಂದು ಭಾನುವಾರ ತಟ್ಟೆಯಿಂದ ಕೈ ಎತ್ತಿ, "ಆಯ್ತು, ಕೊಡ್ತೀನಿ. ಇನ್ನು ಅಳೋದು ನಿಲ್ಸಮ್ಮ" ಅಂದ. ಅಮ್ಮ ಅದಕ್ಕೂ ಅತ್ತಳು.

ದಿನ ಗೊತ್ತಾಯಿತು. ಕಿಡ್ನಿ ಡಾಕ್ಟರು ನನ್ನನ್ನೂ ತಮ್ಮನನ್ನೂ ಕೂರಿಸಿಕೊಂಡು ಹೇಳಿದರು: "ಹೊಸ ಕಿಡ್ನಿ ಹಾಕಿದ ಮೇಲೆ ಅದನ್ನ ಮೈ ಒಪ್ಕೊಳ್ಳಲಿ ಅಂತ ರೋಗ ತಡೆಯೋ ಶಕ್ತಿಯನ್ನೇ ಕುಗ್ಗಿಸೋ ಔಷಧಿ ಕೊಡ್ತೀವಿ. ಆಗ ಬಾಯಲ್ಲಿ ಒಂದು ಹನಿ ಕೀವಿದ್ರೂ ಅದು ರಕ್ತಕ್ಕೆ ಸೇರಿ ಪ್ರಾಣ ತೆಗೆಯುತ್ತೆ. ಹಲ್ಲು ಒಸಡು ಸರಿ ಇದೆ ಅಂತ ಚೀಟಿ ಬೇಕು." ಚೀಟಿಗಾಗಿ ಓಡಿಹೋದೆ. ಡಾಕ್ಟರಮ್ಮ ಗದರಿ, ಕ್ಲೀನ್ ಮಾಡಿ, ಸದ್ಯಕ್ಕೆ ಕೀವಿಲ್ಲ ಎಂದು ಬರೆದುಕೊಟ್ಟರು. "ಏನಾದ್ರೂ ಅಲುಗಾಡಿದ್ರೆ, ಊದಿದ್ರೆ ಆ ದಿನವೇ ಬಂದು ಹೇಳಬೇಕು" ಅಂದರು.

ಇಪ್ಪತ್ತು ದಿನ ಉಳಿದಿತ್ತು. ಒಂದು ಕೋಟಿಗೆ ಗುಂಡಿ ಹಾಕಿ ಎಂದಿನಂತೆ ದಾರ ಕಡಿದೆ. ಮೇಲಿನ ಮುಂದಿನ ಹಲ್ಲು ದಾರದ ಜೊತೆ ಮುಂದಕ್ಕೆ ಬಂದು ಹಿಂದಕ್ಕೆ ಹೋಯಿತು. ನಾಲಿಗೆಯಿಂದ ಮುಟ್ಟಿದೆ, ಇನ್ನೊಮ್ಮೆ ಅಲುಗಿತು.

ಹೇಳಬೇಕಿತ್ತು. ಹೇಳಿದರೆ ಏನಾಗುತ್ತದೆಂದೂ ಗೊತ್ತಿತ್ತು. ಹಲ್ಲು ಕೀಳುತ್ತಾರೆ, ಗಾಯ ಮಾಗಲಿ ಎನ್ನುತ್ತಾರೆ, ದಿನ ಮುಂದೆ ಹೋಗುತ್ತದೆ. ತಮ್ಮನನ್ನು ಎತ್ತಿ ಆಡಿಸಿದವಳು ನಾನು. ಅವನ ಧೈರ್ಯ ಇಪ್ಪತ್ತು ದಿನ ನಿಂತರೆ ಹೆಚ್ಚು, ಮೂರು ತಿಂಗಳು ಖಂಡಿತ ನಿಲ್ಲದು. ಈ ಹಾಳು ಹಲ್ಲಿನಿಂದ ನನ್ನ ಜೀವ ಹೋಗಬೇಕೇ?

ಅಂಗಡಿಯ ಬಾಗಿಲು ಅರ್ಧ ಎಳೆದೆ. ಗಿರಾಕಿಗಳ ಕನ್ನಡಿಯ ಮುಂದೆ ನಿಂತು, ಕೋಟಿನ ಗುಂಡಿಗೆ ಹಾಕುವ ಮೇಣದ ದಾರ ತೆಗೆದುಕೊಂಡು, ಅಲುಗುವ ಹಲ್ಲನ್ನು ಪಕ್ಕದ ಗಟ್ಟಿ ಹಲ್ಲಿಗೆ ಸೇರಿಸಿ ಕಟ್ಟಿದೆ. ಮೊದಲು ಎಂಟರ ಆಕಾರದಲ್ಲಿ ಎರಡು ಸುತ್ತು, ಆಮೇಲೆ ಎಳೆದು ಬಿಗಿ ಗಂಟು. ಗಂಟನ್ನು ಹಲ್ಲಿನ ಹಿಂದಕ್ಕೆ ತಳ್ಳಿದೆ. ಬಿಳಿ ದಾರ, ಕಾಣುತ್ತಲೂ ಇರಲಿಲ್ಲ. ಹಲ್ಲು ಅಲುಗುವುದು ನಿಂತಿತು. ಸುಳ್ಳೇಕೆ ಹೇಳಲಿ, ನನ್ನ ಕೈಕೆಲಸಕ್ಕೆ ನಾನೇ ಶಹಭಾಸ್ ಅಂದುಕೊಂಡೆ.

ಹತ್ತು ದಿನ ಯಾವ ತೊಂದರೆಯೂ ಇಲ್ಲ. ಆಮೇಲೆ ದಾರ ರಕ್ತ ಹಿಡಿದು ಕೆಂಪಾಗಿ, ಅರ್ಧ ಒಸಡಿನೊಳಕ್ಕೆ ಜಾರಿತು. ಬಿಚ್ಚಲು ಹೋದರೆ ಗಂಟು ಕೈಗೆ ಸಿಗಲಿಲ್ಲ. ಒಸಡು ಊದಿಕೊಂಡು ತುಟಿ ದಪ್ಪಗಾಯಿತು. ಕೇಳಿದವರಿಗೆಲ್ಲ ಜೇನುಹುಳ ಕಚ್ಚಿತು ಅಂದೆ. ಮೆಟ್ಟಿಲ ಕೆಳಗೆ ಜೇನುಹುಳ ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ.

ಆಪರೇಷನ್ನಿಗೆ ಮುಂಚಿನ ಭಾನುವಾರ ತಮ್ಮ ಊಟಕ್ಕೆ ಬಂದಿದ್ದ. ಲಿಫ್ಟಿನಲ್ಲಿ ಸಿಕ್ಕಿಕೊಂಡ ಗಂಡ ಹೆಂಡತಿ ಬಿಡಿಸುವಷ್ಟರಲ್ಲಿ ಜಗಳವಾಡಿ, ಒಬ್ಬರು ಮೇಲಕ್ಕೆ, ಒಬ್ಬರು ಕೆಳಕ್ಕೆ ಹೋದ ಕಥೆ ಹೇಳಿದ. ಬಾಯಿಗೆ ಕೈ ಅಡ್ಡ ಹಿಡಿಯುವುದನ್ನು ಮರೆತು ನಕ್ಕುಬಿಟ್ಟೆ. ಅವನ ಕಣ್ಣು ಒಂದು ಕ್ಷಣ ನನ್ನ ಬಾಯಿಯ ಮೇಲೆ ನಿಂತಿತು. ಮತ್ತೆ ಅನ್ನ ಕಲಸಿಕೊಂಡು ಉಂಡ. ಸದ್ಯ, ಕಾಣಲಿಲ್ಲ ಎಂದುಕೊಂಡೆ.

ಆಸ್ಪತ್ರೆಗೆ ಸೇರುವ ಬೆಳಿಗ್ಗೆ ಮೈ ಬಿಸಿ ಇತ್ತು. ಜ್ವರದ ಮಾತ್ರೆ ನುಂಗಿಯೇ ಹೊರಟೆ, ಥರ್ಮಾಮೀಟರಿನಲ್ಲಿ ಏನೂ ಬರಲಿಲ್ಲ. ಮಂಚದ ಮೇಲೆ ಕೂತು, ಇನ್ನೊಂದು ದಿನ, ಒಂದೇ ಒಂದು ದಿನ ಎಂದು ಹಲ್ಲು ಕಚ್ಚಿಕೊಳ್ಳಲೂ ಆಗದೆ ಕಾಯುತ್ತಿದ್ದೆ. ಡಾಕ್ಟರು ಬಂದರು. ನಾಡಿ ನೋಡಲಿಲ್ಲ, ಫೈಲು ನೋಡಲಿಲ್ಲ.

"ಬಾಯಿ ತೆಗಿ."

"ಯಾಕೆ ಡಾಕ್ಟರೇ, ಚೀಟಿ ಕೊಟ್ಟಿದ್ದೀನಲ್ಲ?"

"ತೆಗಿ ಅಂದ್ನಲ್ಲ."

ಟಾರ್ಚ್ ಬಿಟ್ಟು ತುಟಿ ಮೇಲಕ್ಕೆತ್ತಿದರು. ಚಿಮಟದಲ್ಲಿ ದಾರದ ತುದಿ ಹಿಡಿದು ಕತ್ತರಿಸಿ ಎಳೆದರು. ದಾರದ ಹಿಂದೆಯೇ ಕೀವು ಬಂತು. ಅದರ ನಾತ ನನಗೇ ಬಡಿಯಿತು.

"ಯಾರು ಕಟ್ಟಿದ್ದು ಇದನ್ನ?"

"ನಾನೇ."

"ಭೇಷ್. ನಾಳೆ ನಾನು ಕಿಡ್ನಿ ಹಾಕಿಬಿಟ್ಟಿದ್ರೆ ಹತ್ತು ದಿನಕ್ಕೆ ನೀನೂ ಇರ್ತಿರಲಿಲ್ಲ, ಆ ಕಿಡ್ನಿನೂ ಇರ್ತಿರಲಿಲ್ಲ. ನಿನ್ನ ತಮ್ಮ ಬಂದು ಹೇಳಿದ್ದಕ್ಕೆ ಉಳ್ಕೊಂಡೆ. ಮೊದಲು ಬಾಯಿ ವಾಸಿಯಾಗಲಿ. ಮೂರು ತಿಂಗಳು ಆಪರೇಷನ್ ಮಾತೇ ಇಲ್ಲ."

ತಮ್ಮ ಕಾರಿಡಾರಿನ ಬೆಂಚಿನಲ್ಲಿ ಬಟ್ಟೆಯ ಚೀಲ ಕಾಲ ಮೇಲಿಟ್ಟುಕೊಂಡು ಕೂತಿದ್ದ. "ನಿನ್ನ ಒಳ್ಳೇದಕ್ಕೇ ಹೇಳ್ದೆ ಅಕ್ಕ" ಅಂದ. ಬೈಯಲು ಬಾಯಿ ತೆರೆದೆ. ಏನೆಂದು ಬೈಯಲಿ? ಅವನು ಮಾಡಿದ್ದು ಸರಿ. ನನ್ನ ಜೀವಮಾನದಲ್ಲಿ ಬೈಗುಳ ಸಿಗದೆ ನಿಂತಿದ್ದು ಅದೇ ಮೊದಲು. ಅಮ್ಮ ಮಾತ್ರ ಸಿಕ್ಕವರಿಗೆಲ್ಲ ಹೇಳಿದಳು, ಮಗ ಅಕ್ಕನ ಪ್ರಾಣ ಉಳಿಸಿದ, ಚಿನ್ನದಂಥ ಹುಡುಗ ಎಂದು.

ಮೂರು ತಿಂಗಳು ನಾನು ಕೈಕಟ್ಟಿ ನಿಂತ ಶಾಲೆಯ ಮಗುವಿನ ಹಾಗಿದ್ದೆ. ಕಟ್ಟಿದ ಹಲ್ಲೂ ಹೋಯಿತು, ಕಟ್ಟಿಸಿಕೊಂಡ ಗಟ್ಟಿ ಹಲ್ಲೂ ಹೋಯಿತು. ಡಾಕ್ಟರಮ್ಮ ಒಸಡು ಬಿಡಿಸಿ ಬೇರಿನವರೆಗೆ ಕೆರೆದರು. ಮೆತ್ತನೆ ಬ್ರಷ್ಷು, ಎರಡು ಹೊತ್ತು, ಡಯಾಲಿಸಿಸ್ಸಿನ ಮಾರನೇ ದಿನ ತಪ್ಪದೆ ಅವರ ಕುರ್ಚಿ. ಯಾರ ಕೋಟು ಎಷ್ಟೇ ಅರ್ಜೆಂಟಾಗಿರಲಿ, ಅಂಗಡಿ ಮುಚ್ಚಿ ಹೋದೆ. ಕೆಂಪು ನೊರೆ ತಿಳಿಗೆಂಪಾಯಿತು, ಆಮೇಲೆ ಬಿಳಿಯಾಯಿತು. ನಾಲ್ಕು ವರ್ಷದ ಮೇಲೆ ಬಿಳಿ ನೊರೆ ಉಗಿದ ದಿನ ಬಚ್ಚಲಲ್ಲಿ ನಿಂತು ಅತ್ತೆ.

ಕೊನೆಗೆ ಡಾಕ್ಟರಮ್ಮ ಬರೆದರು: ಸೋಂಕಿಲ್ಲ, ಆಪರೇಷನ್ ಮಾಡಬಹುದು. ಆ ಚೀಟಿ ಹಿಡಿದು ಮನೆಗೂ ಹೋಗದೆ ನೇರ ತಮ್ಮ ಕೆಲಸ ಮಾಡುತ್ತಿದ್ದ ಕಟ್ಟಡಕ್ಕೆ ಹೋದೆ. ಅವನು ಗ್ರೀಸಿನ ಕೈ ಒರೆಸಿಕೊಳ್ಳುತ್ತ ಬಂದ. ಚೀಟಿಯನ್ನು ಎರಡು ಸಲ ಓದಿದ. ಬಿಚ್ಚಿಟ್ಟ ಲಿಫ್ಟಿನ ಬಾಗಿಲ ಪಕ್ಕ ಮೆಟ್ಟಿಲ ಮೇಲೆ ಕೂತುಬಿಟ್ಟ.

"ಒಂದು ಮಾತು ಹೇಳ್ತೀನಿ ಅಕ್ಕ. ಹೊಡಿಯೋದಾದ್ರೆ ಹೊಡಿ."

"ಏನೋ ಅದು?"

"ಆ ದಾರ ನಂಗೆ ಭಾನುವಾರವೇ ಕಾಣ್ತು. ಊಟ ಮಾಡ್ತಾ ನಕ್ಕೆಯಲ್ಲ, ಆವಾಗ್ಲೇ."

"ಮತ್ತೆ ಯಾಕೋ ಹೇಳ್ಲಿಲ್ಲ? ಆವತ್ತೇ ಹೇಳಿದ್ರೆ ಒಂದು ಹಲ್ಲಾದ್ರೂ ಉಳೀತಿತ್ತು."

"ಇಟ್ಕೊಂಡೆ." ಅವನು ನನ್ನ ಮುಖ ನೋಡಲಿಲ್ಲ. "ಕೊಡೋಕೆ ಮನಸ್ಸು ಗಟ್ಟಿಯಾದ್ರೆ ಸುಮ್ನಿರೋಣ, ಆಗ್ಲಿಲ್ಲ ಅಂದ್ರೆ ಆಪರೇಷನ್ ನಿಲ್ಲೋ ಹಾಗೆ ಕೊನೇ ದಿನ ಹೇಳೋಣ ಅಂತ ಇಟ್ಕೊಂಡೆ. ಅದು ಕಂಡಾಗ ನಂಗೆ ಎಷ್ಟು ಖುಷಿಯಾಯ್ತು ಗೊತ್ತಾ? ಒಂದು ವರ್ಷದಲ್ಲಿ ಮೊದಲ್ನೇ ಸಲ ಆವತ್ತು ನಿದ್ದೆ ಬಂತು ಕಣೇ."

"ಕೀವಾಗಿದ್ರೆ ನಾನು ಸಾಯ್ತೀನಿ ಅಂತ ಡಾಕ್ಟರ್ ನಿನ್ನ ಮುಂದೇನೇ ಹೇಳಿದ್ರಲ್ಲೋ. ಮನಸ್ಸು ಗಟ್ಟಿಯಾಗಿದ್ರೆ ಹೇಳ್ತಾನೇ ಇರ್ಲಿಲ್ವಾ?"

ಅವನು ಅಳಲು ಶುರುಮಾಡಿದ. "ಈಗ್ಲೂ ಆಗಲ್ಲ ಅಕ್ಕ. ನಂಗೆ ಭಯ. ಅಮ್ಮನ ಮುಂದೆ ಹೇಳೋಕೆ ಇನ್ನೂ ಭಯ. ನೀನೇ ಏನಾದ್ರೂ ಹೇಳು."

ಥೂ, ನೀನೊಬ್ಬ ತಮ್ಮನಾ ಅನ್ನಬೇಕೆನಿಸಿತು, ಅಂದೆ ಕೂಡ. ಅವನು ತಲೆ ತಗ್ಗಿಸಿ ಅನ್ನಿಸಿಕೊಂಡ. ಲಿಫ್ಟಿನ ಬಾವಿಯೊಳಗಿಂದ ಯಾರೋ ಅವನನ್ನು ಕೂಗಿದರು. ಎದ್ದು ಮೂಗು ಒರೆಸಿಕೊಂಡು ಹೋದ.

ಬಸ್ಸಿನಲ್ಲಿ ಕೂತು ಯೋಚಿಸಿದೆ. ಕೊಡದಿರುವ ಹಕ್ಕು ಅವನಿಗಿದೆ, ಮೈ ಅವನದು. ನಾನು ಅದೇ ಹಲ್ಲನ್ನು ಹತ್ತೊಂಬತ್ತು ದಿನ ಮುಚ್ಚಿಟ್ಟವಳು, ಅವನು ಐದು ದಿನ ಮುಚ್ಚಿಟ್ಟ. ಇದೆಲ್ಲ ನ್ಯಾಯವಾಗಿಯೇ ಇತ್ತು, ಆದರೂ ಅವನನ್ನು ಕ್ಷಮಿಸಲು ನನ್ನಿಂದ ಆಗಲಿಲ್ಲ, ಇವತ್ತಿಗೂ ಆಗಿಲ್ಲ.

ಅಮ್ಮ ಬಾಗಿಲಲ್ಲೇ ನಿಂತಿದ್ದಳು. "ಏನಂದ್ರು? ಚೀಟಿ ಕೊಟ್ರಾ?"

ಹೇಳಿದರೆ ಅಮ್ಮ ಮತ್ತೆ ಅವನ ಮುಂದೆ ಅನ್ನ ಬಿಡುತ್ತಾಳೆ. ಸಕ್ಕರೆ ಕಾಯಿಲೆಯ ಜೀವ, ಈ ಸಲ ಬಿಟ್ಟರೆ ಏಳುವುದಿಲ್ಲ.

"ಇಲ್ಲಮ್ಮ. ಒಸಡು ಇನ್ನೂ ಮಾಗಿಲ್ವಂತೆ."

ಅಂದಿನಿಂದ ಅಮ್ಮ ದಿನಾ ಎರಡು ಹೊತ್ತು ಬಿಸಿನೀರಿಗೆ ಉಪ್ಪು ಹಾಕಿ, ಬೆರಳಲ್ಲಿ ಬಿಸಿ ನೋಡಿ, ಲೋಟ ಹಿಡಿದು ಬಚ್ಚಲ ಬಾಗಿಲಲ್ಲಿ ನಿಲ್ಲುತ್ತಾಳೆ. ನುಂಗಬೇಡ ಎಂದು ಪ್ರತಿ ಸಲ ಹೇಳುತ್ತಾಳೆ. ಯಾವ ನೋವೂ ಇಲ್ಲದ ಬಾಯಿಯನ್ನು ನಾನು ಅವಳೆದುರು ಮುಕ್ಕಳಿಸಿ ಉಗಿಯುತ್ತೇನೆ.

"ಇವತ್ತು ಹೇಗಿದೆ?" ಅನ್ನುತ್ತಾಳೆ.

"ಇನ್ನೂ ನೋವಿದೆಯಮ್ಮ" ಅನ್ನುತ್ತೇನೆ.

ಆಮೇಲೆ ಒಳಗೆ ಹೋಗಿ ತಮ್ಮನಿಗೆ ಫೋನ್ ಮಾಡುತ್ತಾಳೆ. "ಬೇಜಾರು ಮಾಡ್ಕೋಬೇಡಪ್ಪ" ಎಂದು ಸಮಾಧಾನ ಹೇಳುವುದು ಬಚ್ಚಲಿಗೆ ಕೇಳಿಸುತ್ತದೆ. "ನೀನು ಕೊಡೋಕೆ ತಯಾರಾಗಿ ಕೂತಿದ್ದೀಯ, ಇವಳ ಬಾಯಿಯಿಂದ ನಿನ್ನನ್ನ ಕಾಯಿಸಬೇಕಾಗಿದೆ."