ಪಕ್ಕದ ಮನೆಯಲ್ಲಿ ವಿಚಾರಿಸಿದರು

ಚಾಮರಾಜಪೇಟೆಯ ಕಡೆ ಹೆಣ್ಣು ಕೊಡುವವರು ಜಾತಕ ತೋರಿಸಲು ಜೋಯಿಸರ ಹತ್ತಿರ ಹೋಗುತ್ತಾರೆ, ಹುಡುಗನ ಗುಣ ತಿಳಿಯಲು ಪಕ್ಕದ ಮನೆಗೆ ಬರುತ್ತಾರೆ. ಪಕ್ಕದ ಮನೆಯವರ ಬಾಯಿ ಯಾರ ಹಿಡಿತದಲ್ಲೂ ಇರುವುದಿಲ್ಲ ಅಂತ ಒಂದು ನಂಬಿಕೆ. ನಂಬಲಿ ಬಿಡಿ, ಪಾಪ. ಪಾರ್ವತಮ್ಮನ ಬಾಯಿಗೆ ಶೈಲಜಮ್ಮ ಆವತ್ತು ಬೆಳಗ್ಗೆಯೇ ಬಂದು ಬೀಗ ಹಾಕಿ ಹೋಗಿದ್ದಳು.

ಶೈಲಜಮ್ಮ ಮನೆಯ ಓನರ್. ಹಿಂದಿನ ಪೋರ್ಷನ್ನಿನಲ್ಲಿ ಪಾರ್ವತಮ್ಮ ಇಪ್ಪತ್ತೆರಡು ವರ್ಷದಿಂದ ಬಾಡಿಗೆಗಿದ್ದಾಳೆ, ಬ್ಲೌಸ್ ಹೊಲಿಯುತ್ತಾಳೆ, ಸೀರೆಗೆ ಫಾಲ್ ಹಾಕುತ್ತಾಳೆ. ಅವಳ ಗಂಡನಿಗೆ ಆಪರೇಷನ್ ಆದಾಗ ತಿಂಗಳುಗಟ್ಟಲೆ ಎರಡು ಹೊತ್ತೂ ಊಟ ಕಳಿಸಿದವಳು ಶೈಲಜಮ್ಮ. ಅಂಥವಳು ಕೈ ಹಿಡಿದುಕೊಂಡು ಕೇಳಿದರೆ ಇಲ್ಲ ಅನ್ನುವುದು ಹೇಗೆ?

"ಹುಡುಗಿ ಕಡೆಯವ್ರು ವಿಚಾರಿಸೋಕೆ ಬರ್ತಾರೆ ಪಾರು. ಆಕರ್ಷ ಒಳ್ಳೇ ಹುಡುಗ ಅನ್ನು, ಸಾಕು. ಮದುವೆ ಆದ್ರೆ ಸರಿಹೋಗ್ತಾನೆ."

ಮಗ ಸರಿಹೋಗಬೇಕಾದದ್ದು ಯಾವುದರಲ್ಲಿ ಅಂತ ಇಬ್ಬರಿಗೂ ಗೊತ್ತಿತ್ತು, ಬಾಯಿಬಿಟ್ಟು ಆಡಿರಲಿಲ್ಲ ಅಷ್ಟೆ. ಎರಡು ವರ್ಷದಿಂದ ಶೈಲಜಮ್ಮ ಬ್ಲೌಸಿನ ತೋಳನ್ನು ಮೊಣಕೈವರೆಗೆ ಇಡಿಸುತ್ತಿದ್ದಳು. ಅಳತೆ ತೆಗೆಯುವಾಗ ನೀಲಿಗಟ್ಟಿದ ಬೆರಳಿನ ಗುರುತು ಕಂಡರೆ ಬಚ್ಚಲಲ್ಲಿ ಜಾರಿದೆ ಅನ್ನುತ್ತಿದ್ದಳು. ಯಾವ ಬಚ್ಚಲಿಗೆ ಐದು ಬೆರಳಿರುತ್ತದೆ? ಹೋದ ಯುಗಾದಿಗೆ ಒಬ್ಬಟ್ಟು ಕೊಡಲು ಹೋದಾಗ ಪಾರ್ವತಮ್ಮ ಕಿಟಕಿಯಿಂದ ಕಣ್ಣಾರೆ ಕಂಡಳು. ಸಾರಿಗೆ ಉಪ್ಪು ಜಾಸ್ತಿಯಾಯಿತೆಂದು ಆಕರ್ಷ ತಾಯಿಯ ಕೆನ್ನೆಗೆ ಬಾರಿಸಿದ್ದ. ಪಾರ್ವತಮ್ಮ ಒಬ್ಬಟ್ಟಿನ ಡಬ್ಬಿ ಹಿಡಿದುಕೊಂಡು ಕಳ್ಳ ಬೆಕ್ಕಿನ ಹಾಗೆ ವಾಪಸು ಬಂದಿದ್ದಳು. ಆ ನಾಚಿಕೆ ಇನ್ನೂ ಹೋಗಿರಲಿಲ್ಲ.

ಹನ್ನೊಂದು ಗಂಟೆಗೆ ಎನ್.ಆರ್. ಕಾಲೋನಿಯಿಂದ ಹುಡುಗಿಯ ತಾಯಿ ಜಾನಕಮ್ಮ ಬಂದಳು. ಫಾಲ್ ಹಾಕಿಸುವ ನೆಪಕ್ಕೆ ಸೀರೆಯೊಂದನ್ನು ತಂದಿದ್ದಳು, ಕವರಿನಿಂದ ಹೊರಗೇ ತೆಗೆಯಲಿಲ್ಲ. ಅಂಗಳದ ಆಚೆ ಶೈಲಜಮ್ಮ ಬಟ್ಟೆ ಹರವುತ್ತಿದ್ದಳು. ಹರವಿದ ಟವೆಲ್ಲನ್ನೇ ತೆಗೆದು, ಕೊಡವಿ, ಮತ್ತೆ ಹರವುತ್ತಿದ್ದಳು.

ಹುಡುಗ ಕುಡಿಯುತ್ತಾನಾ, ಕೆಲಸ ಗಟ್ಟಿಯಾ, ಸಹವಾಸ ಹೇಗೆ ಅಂತ ಜಾನಕಮ್ಮ ಒಂದೊಂದಾಗಿ ಕೇಳಿದಳು. ಅಷ್ಟಕ್ಕೂ ಪಾರ್ವತಮ್ಮ ನಿಜವನ್ನೇ ಹೇಳಿದಳು. ಅದರಲ್ಲೆಲ್ಲ ಹುಡುಗ ಅಪರಂಜಿ. ಆಮೇಲೆ ಜಾನಕಮ್ಮ ಕಾಫಿ ಲೋಟ ಕೆಳಗಿಟ್ಟು, ಮನೆಯಲ್ಲಿ ಹೇಗಿರುತ್ತಾನೆ ಅಂದಳು.

ಪಾರ್ವತಮ್ಮ ಅಂಗಳದ ಕಡೆ ನೋಡಿದಳು. ಹೇಳಿದರೆ ಈ ಮನೆಯ ಋಣ ಇಲ್ಲಿಗೆ ತೀರಿತು. ಹೇಳದಿದ್ದರೆ ನಾಳೆ ಇನ್ನೊಬ್ಬಳ ತೋಳಿನ ಅಳತೆಯನ್ನೂ ಅವಳೇ ತೆಗೆಯಬೇಕು.

"ಕೈ ಮಾಡ್ತಾನಮ್ಮ," ಅಂದಳು. "ಹೆತ್ತ ತಾಯಿ ಮೇಲೆ. ನಾನೇ ನೋಡಿದೀನಿ."

ಜಾನಕಮ್ಮ ಬೆಚ್ಚಲಿಲ್ಲ. ಅದು ತಮ್ಮ ಕಿವಿಗೂ ಬಿದ್ದಿದೆ ಅಂದಳು. ಮಗಳು ಮಧುರಾಗೆ ಮೂವತ್ತಮೂರು, ನಾಲ್ಕು ಸಂಬಂಧ ತಪ್ಪಿಹೋಗಿವೆ, ಹೆಂಡತಿ ಬಂದರೆ ಗಂಡಸರು ತಣ್ಣಗಾಗುತ್ತಾರೆ ಅಂತ ಗಂಡಹೆಂಡಿರು ತೀರ್ಮಾನ ಮಾಡಿಕೊಂಡಿದ್ದಾರೆ. ಮಧುರಾಗೆ ಇದ್ಯಾವುದೂ ಗೊತ್ತಿಲ್ಲ. ತಾನೇ ಬಂದು ವಿಚಾರಿಸುತ್ತೇನೆ ಅಂತ ಹಟ ಹಿಡಿದು ಬಂದವಳನ್ನು ರಸ್ತೆಯಲ್ಲಿ ಆಟೋದಲ್ಲೇ ಕೂರಿಸಿ ಬಂದಿದ್ದಾಳೆ.

"ನೀವು ಯಾರ್ಗಾದ್ರೂ ಹೇಳೋರಾ, ಇಲ್ವಾ ಅಂತ ನೋಡ್ಬೇಕಿತ್ತು. ನನ್ಗೆ ಹೇಳಿದ್ರಿ, ಸರಿ. ಅವ್ಳಿಗೆ ಮಾತ್ರ ಹೇಳ್ಬೇಡಿ."

ಅಂಗಳದಲ್ಲೊಬ್ಬಳು ತಾಯಿ, ಎದುರಿಗೊಬ್ಬಳು ತಾಯಿ, ಇಬ್ಬರೂ ಸೇರಿ ಒಂದು ಹೆಣ್ಣಿನ ಕಣ್ಣಿಗೆ ಬಟ್ಟೆ ಕಟ್ಟುತ್ತಿದ್ದಾರಲ್ಲ! ಪಾರ್ವತಮ್ಮ ಒಳಗೆ ಹೋಗಿ ಕುಂಕುಮದ ತಟ್ಟೆ ತಂದಳು. ಒಪ್ಪಿಕೊಂಡಳು ಅಂದುಕೊಂಡು ಜಾನಕಮ್ಮ ನೆಮ್ಮದಿಯಿಂದ ಕುಂಕುಮ ಇಟ್ಟುಕೊಂಡು ಎದ್ದಳು. ಪಾರ್ವತಮ್ಮ ತಟ್ಟೆ ಹಿಡಿದುಕೊಂಡೇ ಚಪ್ಪಲಿ ಮೆಟ್ಟಿದಳು.

"ಹೆಣ್ಮಗು ಬಾಗ್ಲವರೆಗೂ ಬಂದಿದೆ. ಕುಂಕುಮ ಕೊಡ್ದೆ ಕಳ್ಸಕ್ಕಾಗತ್ತಾ?"

ಜಾನಕಮ್ಮನ ಮುಖ ಕಪ್ಪಿಟ್ಟಿತು. ಆದರೆ ಮದುವೆ ಗೊತ್ತಾಗುತ್ತಿರುವ ಮಗಳಿಗೆ ಕುಂಕುಮ ಬೇಡ ಅಂತ ಯಾವ ತಾಯಿಯ ನಾಲಿಗೆ ಹೊರಳೀತು? ಬಿರಬಿರನೆ ನಡೆಯುತ್ತಿದ್ದ ಪಾರ್ವತಮ್ಮನ ಹಿಂದೆ ಬರಬೇಕಾಯಿತು.

ಗೇಟಿನ ಚಿಲಕದ ಮೇಲೆ ಶೈಲಜಮ್ಮನ ಕೈ ಇತ್ತು. ಪಾರ್ವತಮ್ಮನ ಮುಖ ನೋಡಿಯೇ ಅವಳಿಗೆ ಅರ್ಥವಾಗಿತ್ತು.

"ಬೇಡ ಪಾರು. ಅವನು ನನ್ನ ಉಳಿಸಲ್ಲ."

"ನಿಮ್ಗೆ ಹೊಡ್ದಾಗ ಸುಮ್ನಿದ್ದೆ ಅಕ್ಕ. ಅದೊಂದು ಪಾಪ ಸಾಕು ನನ್ಗೆ."

ಚಿಲಕದ ಮೇಲಿನ ಕೈ ಸಡಿಲವಾಯಿತು. ಪಾರ್ವತಮ್ಮ ಹೊರಗೆ ಬಂದು, ಆಟೋದಲ್ಲಿದ್ದ ಮಧುರಾಳ ಹಣೆಗೆ ಕುಂಕುಮ ಇಟ್ಟು, ಯುಗಾದಿಯ ದಿನ ಕಂಡದ್ದನ್ನು ಒಂದಕ್ಷರ ಬಿಡದೆ ಹೇಳಿದಳು. ಜಾನಕಮ್ಮ ಇದೆಲ್ಲ ಬಾಡಿಗೆಯವರ ಹೊಟ್ಟೆಕಿಚ್ಚು ಅಂದಳು.

ಮಧುರಾ ತಾಯಿಯ ಕಡೆ ನೋಡಲಿಲ್ಲ. ಆಟೋದಿಂದಿಳಿದು, ಗೇಟಿನ ಬಳಿ ನಿಂತಿದ್ದ ಶೈಲಜಮ್ಮನ ಎದುರಿಗೆ ಹೋಗಿ, ಇವರು ಹೇಳಿದ್ದು ನಿಜವಾ ಅಂತ ಕೇಳಿದಳು.

ಶೈಲಜಮ್ಮ ಮನೆಯ ಕಡೆ ಒಮ್ಮೆ ತಿರುಗಿ ನೋಡಿದಳು. ಆಮೇಲೆ ಮಧುರಾಳ ಎರಡೂ ಕೈ ಹಿಡಿದುಕೊಂಡಳು.

"ನಿಜ ಕಣಮ್ಮ. ಈ ಮನೆಗೆ ಬರ್ಬೇಡ."