ಬಾಯಲ್ಲೇ ಉಳಿದ ಮೂಲಂಗಿ

ಊಟದ ಎದುರು ಸಾಲಿನ ಗಂಡಸು ಎಷ್ಟು ಮೆತ್ತಗೆ ಮರದ ಬಟ್ಟಲು ಇಡುತ್ತಾನೆ, ಮರಕ್ಕೆ ಮರ ತಾಗಿದ್ದೂ ಕೇಳಿಸುವುದಿಲ್ಲ, ಸೋಹ್ಯಾಂಗ್‌ಳಿಗೆ ಹೊಟ್ಟೆಕಿಚ್ಚು — ಛೆ, ಒಂದು ದಿನ ಮೌನವಾಗಿರೋಣವೆಂದು ಬೆಟ್ಟದ ಮಠಕ್ಕೆ ಬಂದು ಇಲ್ಲೂ ಪೈಪೋಟಿಯೇ, ಉಸಿರಿನ ಮೇಲೆ ಗಮನ, ಸಿಯೋಲ್‌ನ ಮನೆಯಲ್ಲಿ ದಿನಾ ಬೆಳಿಗ್ಗೆ ಇಡುವ ಹಾಗೆ, ಮಾತಿಲ್ಲ, ಟಿವಿ ಇಲ್ಲ, ತುತ್ತು ತುತ್ತಿಗೂ ಮನಸ್ಸಿಟ್ಟು ಊಟ, ಅದೊಂದಿಲ್ಲದಿದ್ದರೆ ಆಫೀಸಿನ ಗದ್ದಲಕ್ಕೆ ಅವಳ ತಲೆ ಎಂದೋ ಕೆಡುತ್ತಿತ್ತು, ಅದು ನಿಜ, ಆದರೆ ಮನೆಯಲ್ಲಿ ಊಟಕ್ಕೆ ಕೂತರೆ ಪಕ್ಕದಲ್ಲೇ ಅತ್ತೆ, ಉಪ್ಪಲ್ಲಿ ನೆನೆಸಿದ ಮೂಲಂಗಿಯಿಲ್ಲದೆ ಗಂಟಲಲ್ಲಿ ಅನ್ನ ಇಳಿಯದ ಅತ್ತೆ, ಕರುಂ, ಕರುಂ, ಇವಳಿಗೆ ಮೈಯೆಲ್ಲ ಉರಿ, ಅತ್ತೆಮ್ಮ, ಒಂದ್ ಗಳಿಗೆ ನೆಮ್ಮದಿಯಾಗಿ ಇರೋಕೆ ಬಿಡಲ್ವಾ ನನ್ನ, ಅಯ್ಯೋ ನಂದೇನಿಲ್ಲಮ್ಮ, ಈ ಹಾಳು ಕಟ್ಟಿಸಿದ ಹಲ್ಲಿಂದೇ ಗಲಾಟೆ — ಮುದುಕಿ ಅಂದದ್ದು ನಗಿಸಲೆಂದೇ, ಇವಳು ನಗಲಿಲ್ಲ, ಶ್ ಎಂದು ತುಟಿಗೆ ಬೆರಳಿಟ್ಟಳು, ಮಕ್ಕಳಿಗೆ ಗದರುವಂತೆ, ಮಾರನೆಯ ದಿನದಿಂದ ಅತ್ತೆ ತಟ್ಟೆ ಹಿಡಿದು ಅಡುಗೆಮನೆ ಸೇರಿದರು, ಅಲ್ಲಿಂದ ಒಂದು ಸದ್ದೂ ಬರದು, ಪರವಾಗಿಲ್ಲ ಕಣ್ರೀ, ನಿಮ್ಮಮ್ಮನೂ ಮೌನ ಕಲಿತ್ರು, ಎಂದು ಗಂಡನ ಹತ್ತಿರ ಹೆಮ್ಮೆಯಿಂದ ಹೇಳಿದ್ದಳಲ್ಲ, ಹೆಮ್ಮೆಯಿಂದ.

ಇಲ್ಲಿ ಮಠದಲ್ಲಿ ಬಟ್ಟಲಿಗೆ ಬಿಸಿನೀರು ಬಿತ್ತು, ಇನ್ನು ಕೊನೆಯವರೆಗೂ ಉಳಿಸಿಕೊಂಡ ಮೂಲಂಗಿ ಹೋಳನ್ನು ಊಟದ ಕಡ್ಡಿಗಳಲ್ಲಿ ಹಿಡಿದು ಬಟ್ಟಲ ಒಳಗೆಲ್ಲ ಒರೆಸಬೇಕು, ಹೋಳು ತಿಂದು ನೀರನ್ನೂ ಕುಡಿಯಬೇಕು, ಒಂದಗುಳೂ ಉಳಿಯಬಾರದು, ಸದ್ದೂ ಆಗಬಾರದು, ಸೋಹ್ಯಾಂಗ್ ಮಾಡುವುದು ಅಚ್ಚುಕಟ್ಟು, ಆದರೆ ಹೋಳು ದಪ್ಪದ್ದು, ಇಡಿಯಾಗಿ ಬಾಯಿಗೆ ಹಾಕಿಕೊಂಡಳು, ಅಯ್ಯೋ, ಕಚ್ಚಿದರೆ ಇಡೀ ಸಾಲಿಗೆ ಕೇಳುತ್ತದೆ, ಅಷ್ಟರಲ್ಲಿ ಮೇಲಿನ ಸಾಲಿನಿಂದ ಕರುಂ — ಹಿರಿಯ ಭಿಕ್ಷುಣಿ, ವಯಸ್ಸಾದ ದವಡೆ, ನೆಮ್ಮದಿಯಾಗಿ ಜಗಿಯುತ್ತಿದ್ದಾರೆ, ಯಾರೂ ತಿರುಗಿ ನೋಡಲಿಲ್ಲ, ತಿರುಗಿದವಳು ಇವಳೊಬ್ಬಳೇ, ಮುಖ ಬಿಸಿಯಾಯಿತು, ಹೋಳು ಇನ್ನೂ ಗಟ್ಟಿ, ನಾಲಿಗೆಯ ಕೆಳಗೆ ಉಪ್ಪುನೀರು, ಕೆನ್ನೆ ಉಬ್ಬಿದೆ, ಮೆತ್ತಗಾಗುವವರೆಗೂ ಹೀಗೇ ಇರಬೇಕು, ಹೀಗೇ — ಇವತ್ತು ಬೆಳಿಗ್ಗೆ ಹೊರಡುವಾಗ ಅಡುಗೆಮನೆಯಲ್ಲಿ ಅತ್ತೆಯ ಕೆನ್ನೆ ಹೀಗೇ ಉಬ್ಬಿತ್ತು. ಬರ್ತೀನಿ ಅತ್ತೆಮ್ಮ, ಉತ್ತರವಿಲ್ಲ, ಮುನಿಸು ಎಂದುಕೊಂಡಳು, ಯಾಕೆ, ಮಾತಾಡಿದ್ರೆ ಮುತ್ತು ಉದುರುತ್ತಾ, ಎಂದೂ ಅಂದುಬಿಟ್ಟಳು, ಥೂ, ಏನು ಬಾಯಿ ಇದು, ಅದೆಷ್ಟು ದಿನ ಬೆಳಿಗ್ಗೆ ಆ ಮುದುಕಿ ಮೂಲಂಗಿ ನೆನೆದು ಮೆತ್ತಗಾಗಲೆಂದು ಬಾಯಲ್ಲಿಟ್ಟುಕೊಂಡು ಕಾದಿದ್ದಾರೋ, ತನ್ನ ಮಗನ ಮನೆಯಲ್ಲೇ, ಕಳ್ಳಿಯಂತೆ, ಸೊಸೆಗೆ ನೆಮ್ಮದಿ ಬೇಕೆಂದು, ಎಂಥ ನೆಮ್ಮದಿ, ನಾಚಿಕೆಯಾಗಬೇಕು, ಆಗುತ್ತಿದೆ, ಬಿದಿರ ಕೋಲಿನ ಟಪ್ ಎಂಬ ಏಟು ಬಿತ್ತು, ಊಟ ಮುಗಿಯಿತು, ಎಲ್ಲರೂ ಬಟ್ಟಲುಗಳನ್ನು ಬಟ್ಟೆಯಲ್ಲಿ ಕಟ್ಟುತ್ತಿದ್ದಾರೆ, ಅವಳಿಗೆ ಕಚ್ಚಲೂ ಆಗದು ನುಂಗಲೂ ಆಗದು, ಕಣ್ಣ ಮುಂದೆ ಮತ್ತೆ ಆ ಬೆಳಗು, ಅಡುಗೆಮನೆಯಲ್ಲಿ ಅತ್ತೆ ತಟ್ಟನೆ ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ, ಉಬ್ಬಿದ ಕೆನ್ನೆ, ಕಣ್ಣಲ್ಲೇ ಹೋಗಿ ಬಾ ಎನ್ನುತ್ತಾರೆ, ಮತ್ತೆ ಬಾಯಿಗೆ ಕೈ, ಉಬ್ಬಿದ ಕೆನ್ನೆ, ಬಾಯಿಗೆ ಅಡ್ಡ ಹಿಡಿದ ಆ ಕೈ.