ಡೈನೋಸಾರ್ ನಮಗೇನಾಗಬೇಕು?

ಆಟಕ್ಕೆ ಒಬ್ಬರು ಕಡಿಮೆ ಬಿದ್ದರೆಂದು ನಾದಿನಿ ತನ್ನ ಭಾವನನ್ನು ಎಳೆತಂದು ಕೂರಿಸಿದಳು. ದಿನವಿಡೀ ಬಸ್ಸು ಓಡಿಸಿ ಬಂದಿದ್ದ ಭಾವನಿಗೆ ಆ ಆಟದ ತಲೆಬುಡ ತಿಳಿಯಲಿಲ್ಲ. ಮೇಜಿನ ಮೇಲೆ ಒಂದು ನಕ್ಷೆ, ದಾಳಗಳು, ಬೆರಳುದ್ದದ ಪ್ಲಾಸ್ಟಿಕ್ ಡೈನೋಸಾರ್.

"ನೀವು ಹಲ್ಲಿಕುಲದ ಸೇನಾಪತಿ, ಭಾವ. ಬಾಲ ಇದೆ, ಮಾತು ಬರುತ್ತೆ, ಬುದ್ಧೀನೂ ಇದೆ. ನಾನು ಕಥೆ ಹೇಳ್ತೀನಿ, ನೀವೇನು ಮಾಡ್ತೀರೋ ಹೇಳಿ. ಈಗ ಕೋಟೆ ಬಾಗಿಲಿಗೆ ಡೈನೋಸಾರ್ ಬಂದಿದೆ."

"ಈಟಿ ಎಸೀರಿ ಸ್ವಾಮಿ!" ಎಂದರು ಪಕ್ಕದಲ್ಲಿದ್ದ ದಂತವೈದ್ಯರು. ಅವರೂ ಹಲ್ಲಿಕುಲದವರೇ. ಡೈನೋಸಾರ್ ಕೊಂದಾಗಲೆಲ್ಲ ಒಂದು ಪ್ಲಾಸ್ಟಿಕ್ ಹಲ್ಲು ಬಹುಮಾನ. ಅವರ ಕೊರಳಲ್ಲಿ ಅಂಥ ಹಲ್ಲುಗಳ ದೊಡ್ಡ ಸರವೇ ತೂಗುತ್ತಿತ್ತು.

ಭಾವ ದಾಳ ಹಿಡಿದು ಕೂತೇಬಿಟ್ಟ. "ಅಲ್ಲಮ್ಮ, ಅದಕ್ಕೂ ಬಾಲ, ನಮಗೂ ಬಾಲ. ಅದು ನಮಗೇನಾಗಬೇಕು? ದನಾನಾ, ನೆಂಟರಾ?"

ನಾದಿನಿ ಕಕ್ಕಾಬಿಕ್ಕಿಯಾಗಿ ನಿಯಮದ ಪುಸ್ತಕ ತಿರುವಿದಳು. ಅದರಲ್ಲಿ ಡೈನೋಸಾರಿನ ತೂಕವಿತ್ತು, ಕಚ್ಚುವ ಬಲವಿತ್ತು, ಸಂಬಂಧ ಮಾತ್ರ ಇರಲಿಲ್ಲ. "ಗೊತ್ತಿಲ್ಲ ಭಾವ. ಪುಸ್ತಕದಲ್ಲಿ ಇಲ್ಲದ್ದನ್ನ ಕೇಳಿದವರೇ ತೀರ್ಮಾನ ಮಾಡ್ಬೇಕು. ಅದೇ ನಮ್ಮ ಪದ್ಧತಿ."

ಭಾವನಿಗೆ ತಲೆ ಇನ್ನಷ್ಟು ಕೆಟ್ಟಿತು. ವಯಸ್ಸಾದವರು ಕಂಡರೆ ಬಸ್ಸು ನಿಲ್ಲಿಸಿ ಬಾಗಿಲು ತೆಗೆಯುವುದಷ್ಟೇ ಅವನಿಗೆ ಗೊತ್ತಿದ್ದ ಕೆಲಸ. "ಹಾಗಾದ್ರೆ ಅಜ್ಜಿ ಅನ್ಕೊಳ್ಳಿ. ಬಾಗಿಲು ತೆಗೀರಿ, ಒಳಗೆ ಬಂದು ಕೂತ್ಕೊಳ್ಳಲಿ."

ನಾದಿನಿ ಡೈನೋಸಾರನ್ನು ಮೆಲ್ಲಗೆ ಕೋಟೆಯೊಳಗೆ ಸರಿಸಿದಳು.

ದಂತವೈದ್ಯರು ಅದರ ಮುಖವನ್ನೇ ನೋಡುತ್ತ, ಕೊರಳ ಸರವನ್ನು ಸದ್ದಾಗದಂತೆ ಅಂಗಿಯೊಳಗೆ ಇಳಿಬಿಟ್ಟುಕೊಂಡರು.